ಪಿಕಪ್‌ಗೆ ಪೂರ್ತಿ ಹೊಸ ಸೈಲೆನ್ಸರ್ ಲೈನ್ ಮಾಡಿಸಬೇಕು: ಎಷ್ಟು ಇಂಚಿನ ಪೈಪು, ಯಾವ ದಾರಿ?

ಫರ್ಸಿ ಪಿಕಪ್ 32, ಶಹಾಬಾದ

ಎಲ್ಲರಿಗೂ ಶರಣು. ನನ್ನದು 2018ರ ಪಿಕಪ್, ಬಿಎಸ್ 4, ಎರಡೂವರೆ ಲೀಟರಿನ ಟರ್ಬೊ ಡೀಸೆಲ್ ಇಂಜಿನ್. ಶಹಾಬಾದದಿಂದ ಫರ್ಸಿ ಕಲ್ಲು ಹೇರಿಕೊಂಡು ಕಲಬುರಗಿ, ಜೇವರ್ಗಿ, ಒಮ್ಮೊಮ್ಮೆ ಹುಮನಾಬಾದ್ ತನಕ ಹೋಗುತ್ತೇನೆ. ತೊಗರಿ ರಾಶಿ ಶುರುವಾದರೆ ಗಂಜ್ ಮಾರುಕಟ್ಟೆಗೆ ಚೀಲ, ಬೇಸಿಗೆಯಲ್ಲಿ ಜೋಳದ ಕಣಕಿ. ಗಾಡಿ ಖಾಲಿ ಓಡುವುದು ಕಡಿಮೆ.

ಈಗ ಸೈಲೆನ್ಸರ್ ಪೂರ್ತಿ ಹೋಗಿದೆ. ಡಬ್ಬಿಯ ತಳ ತುಕ್ಕು ಹಿಡಿದು ಉದುರುತ್ತಿದೆ, ಪಟ್ಟಿಯ ಮೇಲೆ ಪಟ್ಟಿ ಹಚ್ಚಿ ವೆಲ್ಡ್ ಮಾಡೋಕೆ ಇನ್ನು ಜಾಗವೇ ಇಲ್ಲ. ಹಿಂದಿನ ಹ್ಯಾಂಗರ್ ಕಡಿದಿದೆ. ಲೋಡ್ ಇದ್ದಾಗ ಗುಂಡಿಗೆ ಇಳಿದರೆ ಪೈಪು ಆಕ್ಸಲ್‌ಗೆ ಬಡಿದು ಟಣ್ ಅನ್ನುತ್ತೆ, ಖಾಲಿ ಇದ್ದಾಗ ಏನೂ ಇಲ್ಲ. ಕಂಪನಿ ಸೆಟ್ ಬಿಟ್ಟು ಕ್ಯಾಟ್‌ನಿಂದ (ಹೊಗೆಯ ವಿಷ ಸುಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ) ಹಿಂದಕ್ಕೆ ಎಲ್ಲಾ ಹೊಸದಾಗಿ, ಗಟ್ಟಿಯಾಗಿ ಮಾಡಿಸಬೇಕು ಅಂತ ಇದ್ದೇನೆ.

ಇಲ್ಲಿ ಒಬ್ಬ ಮಿಸ್ತ್ರಿ ನೋಡಿ ಹೇಳಿದ್ದು ಹೀಗೆ: ಕ್ಯಾಟ್ ಕಿತ್ತು ಹಾಕೋಣ, ಡಬ್ಬಿನೂ ಬೇಡ, 3 ಇಂಚಿನ ಪೈಪು ನೇರ ಎಳೆದು ಎಡಗಡೆ ಹಿಂದಿನ ಚಕ್ರದ ಮುಂದೆ ಹೊರಗೆ ಬಿಡೋಣ, ಆಕ್ಸಲ್ ತಂಟೆಯೇ ಇರಲ್ಲ, ಎಳೆತ ಜಾಸ್ತಿ ಆಗುತ್ತೆ, ಎವರೇಜ್ ಕೂಡ ಸಿಗುತ್ತೆ. ಪೈಪು ಅವರ ಅಂಗಡಿಯಲ್ಲೇ ಇರುವ ಜಿಐ ನೀರಿನ ಪೈಪು, ಬೇಕಾದರೆ ರೇಲಿಂಗ್ ಅಂಗಡಿಯಿಂದ ಸ್ಟೀಲ್ ತರುತ್ತಾರಂತೆ.

ಕೇಳೋಕೆ ಸುಲಭ ಅನ್ನಿಸುತ್ತೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಈ ಕೆಲಸ ಮಾಡಿದವರು, ಮಾಡಿಸಿದವರು ಹೇಳಿ. 3 ಇಂಚು ಬೇಕಾ? ಎವರೇಜ್ ನಿಜವಾಗಿ ಸಿಗುತ್ತಾ? ಆಮೇಲೆ ಫಿಟ್ನೆಸ್‌ಗೆ ಹೋದಾಗ ತೊಂದರೆ ಆಗುತ್ತಾ?


ಕಪನೂರ ವೆಲ್ಡಿಂಗ್, ಕಲಬುರಗಿ

ಫರ್ಸಿ ಅಣ್ಣಾ, ಮೊದಲು ಜಿಐ ಪೈಪಿನ ಮಾತು ಮುಗಿಸುತ್ತೇನೆ, ಯಾಕೆಂದರೆ ಅದು ವೆಲ್ಡಿಂಗ್ ಮಾಡುವವನ ಜೀವಕ್ಕೇ ಸಂಬಂಧಿಸಿದ್ದು. ಜಿಐ ಪೈಪಿನ ಮೇಲೆ ಸತುವಿನ ಲೇಪ ಇರುತ್ತೆ. ಕಬ್ಬಿಣ ಕರಗೋಕೆ ಸುಮಾರು 1500 ಡಿಗ್ರಿ ಬೇಕು, ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತೆ. ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಅದೇ. ಅದನ್ನು ಕುಡಿದವರಿಗೆ ಸಂಜೆಗೆ ಚಳಿ ಜ್ವರ, ಮೈಕೈ ನೋವು ಬರುತ್ತೆ. ಬೆಸುಗೆಯಲ್ಲೂ ಸಣ್ಣ ಸಣ್ಣ ತೂತು ಉಳಿಯುತ್ತೆ. ಜಿಐ ಬೇಡವೇ ಬೇಡ.

ಇನ್ನು ಸೈಜು. ಟರ್ಬೊ ಇಂಜಿನ್‌ಗೆ ಟರ್ಬೊ ಆದಮೇಲಿನ ಪೈಪು ಸಲೀಸಾಗಿದ್ದಷ್ಟು ಒಳ್ಳೆಯದು, ಅದು ನಿಜ. ಹೊಗೆ ತಡೆದರೇನೇ ಇಂಜಿನ್ ಎಳೆಯುತ್ತೆ ಅನ್ನುವ ಮಾತು ಟರ್ಬೊ ಡೀಸೆಲ್‌ಗೆ ಹೊಂದಲ್ಲ. ಆದರೆ ಸಲೀಸು ಅನ್ನುವುದಕ್ಕೂ ಒಂದು ಮಿತಿ ಇದೆ. ನಮ್ಮ ಪಿಕಪ್‌ಗಳ ಎರಡೂವರೆ ಲೀಟರ್ ಇಂಜಿನ್ ಕೊಡುವುದು 70-75 ಹಾರ್ಸ್ ಪವರ್. ಅದಕ್ಕೆ ಎರಡೂಕಾಲು ಇಂಚು ಸಾಕು, ಎರಡೂವರೆ ಇಂಚು ಧಾರಾಳ. 2 ಇಂಚಿನಿಂದ ಎರಡೂವರೆಗೆ ಹೋದರೇನೇ ಒಳಗಿನ ಜಾಗ ಒಂದೂವರೆ ಪಟ್ಟು ದಾಟುತ್ತೆ. 3 ಇಂಚು ಹಾಕಿದರೆ ಎಳೆತ ಸಿಗಲ್ಲ. ಪೈಪು ಭಾರ ಆಗುತ್ತೆ, ಹ್ಯಾಂಗರ್ ಬೇಗ ಕಡಿಯುತ್ತೆ, ಆಕ್ಸಲ್ ಮೇಲೆ ಹಾಯಿಸೋಕೆ ಜಾಗ ಸಾಲಲ್ಲ. ಜಾಗ ಸಾಲದೇ ಇದ್ದಾಗಲೇ ಮಿಸ್ತ್ರಿಗಳು ಎಡಗಡೆ ಬಿಡೋಣ ಅನ್ನುವುದು.

ಎವರೇಜ್ ಆಸೆ ಇಟ್ಟುಕೊಳ್ಳಬೇಡಿ. ಹಳೆಯ ಡಬ್ಬಿಯ ಒಳಗಿನ ತಗಡು ಕಳಚಿ ದಾರಿ ಮುಚ್ಚಿದ್ದರೆ, ಹೊಸದು ಹಾಕಿದಾಗ ಗಾಡಿ ಹಗುರ ಆದ ಹಾಗೆ ಅನ್ನಿಸುತ್ತೆ. ಅದು ಕಳೆದುಕೊಂಡಿದ್ದು ವಾಪಸ್ ಬಂದಿದ್ದು ಅಷ್ಟೇ.

ಸ್ಟೀಲ್ ವಿಷಯ. ರೇಲಿಂಗ್ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 202 ಗ್ರೇಡ್. ಅದನ್ನೇ 304 ಅಂತ ಕೊಡುವವರೂ ಇದ್ದಾರೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತೆ ಅಂತಾರೆ, ಆದರೆ 202ಕ್ಕೂ ಅಂಟಲ್ಲ, 304ಕ್ಕೂ ಅಂಟಲ್ಲ. ಬಿಲ್ ಮೇಲೆ ಗ್ರೇಡ್ ಬರೆಸಿಕೊಳ್ಳಿ, ಪೈಪಿನ ಮೇಲಿನ ಮುದ್ರೆ ನೋಡಿ. ಕಂಪನಿಯವರು ಸೈಲೆನ್ಸರ್‌ಗೆ ಹೆಚ್ಚಾಗಿ ಹಾಕುವುದು 409. ಅದಕ್ಕೆ ಅಯಸ್ಕಾಂತ ಅಂಟುತ್ತೆ, ಮೇಲೆ ಮೇಲೆ ಕಂದು ಬಣ್ಣ ತಿರುಗುತ್ತೆ, ಆದರೆ ಒಳಗೆ ತಿನ್ನುವುದು ನಿಧಾನ. 409 ಸಿಕ್ಕರೆ ನಾನು ಅದನ್ನೇ ಹಾಕುತ್ತೇನೆ, ಸಿಗದಿದ್ದರೆ 304. ಎರಡರಲ್ಲಿ ಯಾವುದಾದರೂ 16 ಗೇಜ್, ಅಂದರೆ 1.6 ಎಂಎಂ ದಪ್ಪ ಇರಲಿ. 18 ಗೇಜ್ ಕಾರಿಗೆ ನಡೆಯುತ್ತೆ, ಕಲ್ಲು ಹೊರುವ ಗಾಡಿಗೆ ಸಾಲಲ್ಲ.

304 ಹಾಕಿಸುವವರು ಒಂದು ಮಾತು ನೆನಪಿಡಬೇಕು. ಅದು ಬಿಸಿಗೆ ಜಾಸ್ತಿ ಉದ್ದ ಆಗುತ್ತೆ. 2 ಮೀಟರ್ ಪೈಪು 400 ಡಿಗ್ರಿ ಬಿಸಿ ಏರಿದರೆ 304 ಸುಮಾರು 14 ಎಂಎಂ ಬೆಳೆಯುತ್ತೆ, 409 ಒಂಬತ್ತು ಎಂಎಂ ಆಸುಪಾಸು. ಬೆಳೆಯೋಕೆ ಜಾಗ ಬಿಡದೆ ಎರಡೂ ತುದಿ ಚಾಸಿಗೆ ಬಿಗಿದರೆ ಬೆಸುಗೆ ಸೀಳಲೇಬೇಕು. ಇಂಜಿನ್ ಬೇರೆ ತನ್ನ ರಬ್ಬರ್ ಮೌಂಟ್ ಮೇಲೆ ಅಲ್ಲಾಡುತ್ತಾ ಇರುತ್ತೆ. ಅದಕ್ಕೇ ಮುಂದುಗಡೆ ಜಾಲರಿ ಸುತ್ತಿದ ಫ್ಲೆಕ್ಸ್ ಪೈಪು ಇರಲೇಬೇಕು. ಹಳೆಯದು ಹರಿದಿದ್ದರೆ ಈಗಲೇ ಬದಲಿಸಿ. ಹ್ಯಾಂಗರ್‌ಗೆ ಕಂಪನಿ ರಬ್ಬರೇ ಹಾಕಿ. ಟೈರ್ ಪಟ್ಟಿ ಕತ್ತರಿಸಿ ಕಟ್ಟಿದರೆ ಬಿಸಿಗೆ ಗಟ್ಟಿಯಾಗಿ ಸೀಳುತ್ತೆ.

ನಿಮ್ಮ ಟಣ್ ಶಬ್ದಕ್ಕೆ ಈಗ ಬರುತ್ತೇನೆ, ಇಡೀ ಕೆಲಸದ ಗುಟ್ಟು ಅಲ್ಲೇ ಇದೆ. ಬಹಳ ಅಂಗಡಿಗಳಲ್ಲಿ ಗಾಡಿಯ ಚಾಸಿಗೆ ಜ್ಯಾಕ್ ಕೊಟ್ಟು ಎತ್ತಿ ಪೈಪು ಅಳೆಯುತ್ತಾರೆ. ಎತ್ತಿದಾಗ ಆಕ್ಸಲ್ ಕೆಳಗೆ ಜೋತುಬಿಡುತ್ತೆ, ಪೈಪಿಗೂ ಆಕ್ಸಲ್‌ಗೂ ಬೇಕಾದಷ್ಟು ಜಾಗ ಕಾಣಿಸುತ್ತೆ. ಗಾಡಿ ಇಳಿಸಿ ಲೋಡ್ ಹಾಕಿದ ಕೂಡಲೇ ಪಾಟಾ (ಪಟ್ಟಿ ಸ್ಪ್ರಿಂಗ್) ಚಪ್ಪಟೆಯಾಗಿ ಆಕ್ಸಲ್ ಮೇಲಕ್ಕೆ ಬರುತ್ತೆ, ಆ ಜಾಗ ಮಾಯ. ಆದ್ದರಿಂದ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು, ಆಗ ಆಕ್ಸಲ್‌ಗೂ ಮೇಲಿನ ಬಂಪ್ ರಬ್ಬರ್‌ಗೂ ಎಷ್ಟು ಅಂತರ ಇದೆ ಅಳೆಯಿರಿ. ಆಕ್ಸಲ್ ಗರಿಷ್ಠ ಅಷ್ಟು ಮೇಲೆ ಬರಬಹುದು. ಪೈಪು ಅದಕ್ಕಿಂತ ಇನ್ನೂ ಒಂದು ಇಂಚು ದೂರ ಇರಲಿ. ಆಕ್ಸಲ್ ಜೊತೆ ಪ್ರೊಪೆಲ್ಲರ್ ಶಾಫ್ಟ್ ಕೂಡ ಮೇಲೆ ಏಳುತ್ತೆ, ಅದನ್ನು ಮರೆಯಬಾರದು.

ಪೈಪನ್ನು ಗಾಡಿಯಲ್ಲೇ ಚುಕ್ಕಿ ವೆಲ್ಡ್ ಹಾಕಿ ಹಿಡಿಸಿ, ಲೋಡ್ ಹಾಕಿ ನೋಡಿ, ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗ್ ಎಲ್ಲಾ ದೂರ ಇದೆಯಾ ನೋಡಿ. ಸರಿ ಇದ್ದರೆ ಹೊರಗೆ ತೆಗೆದು ಮೇಜಿನ ಮೇಲೆ ಪೂರ್ತಿ ವೆಲ್ಡ್. ಸ್ಟೀಲ್‌ಗೆ ಆರ್ಗಾನ್ ವೆಲ್ಡಿಂಗೇ ಒಳ್ಳೆಯದು. ಹಳೆಯ ಕಬ್ಬಿಣದ ಫ್ಲ್ಯಾಂಜ್‌ಗೆ 304 ಪೈಪು ಕೂಡಿಸುವಾಗ 309 ಎಲ್ ಕಡ್ಡಿ ಕೇಳಿ. ಗಾಡಿಯ ಮೇಲೆ ಚುಕ್ಕಿ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರ್ ತೆಗೆದಿಡಿ, ಅರ್ತ್ ಕ್ಲಾಂಪ್ ವೆಲ್ಡಿಂಗ್ ಹತ್ತಿರವೇ ಹಿಡಿಸಿ.


ಡೀಸೆಲ್ ಕಾಕಾ, ಯಾದಗಿರಿ

ಕಪನೂರದವರು ಬಹಳ ಚೆನ್ನಾಗಿ ಹೇಳಿದ್ದಾರೆ, ಆದರೆ 304 ವಿಷಯಕ್ಕೆ ನನ್ನ ಸಮ್ಮತಿ ಇಲ್ಲ. ನಮ್ಮ ಶಹಾಪುರ, ಸುರಪುರ ಕಡೆಯ ಹೊಲದ ದಾರಿಯಲ್ಲಿ ಪೈಪು ತುಕ್ಕು ಹಿಡಿದು ಸಾಯುವುದಕ್ಕಿಂತ ಕಲ್ಲಿಗೆ ಬಡಿದು ಸಾಯುವುದು ಜಾಸ್ತಿ. ದುಬಾರಿ ಪೈಪು ಹಾಕಿ ಅದು ಬೆಸುಗೆಯಲ್ಲಿ ಸೀಳಿದರೆ ಹಳ್ಳಿಯಲ್ಲಿ ಆರ್ಗಾನ್ ಎಲ್ಲಿ ಸಿಗುತ್ತೆ? ದಪ್ಪ ಎಂಎಸ್ (ಸಾದಾ ಕಬ್ಬಿಣದ) ಪೈಪು ಹಾಕಿ, ಒಡೆದರೆ ಯಾವ ಊರಲ್ಲಾದರೂ ಸಾದಾ ವೆಲ್ಡಿಂಗ್‌ನವನು ಕೂಡಿಸಿ ಕೊಡುತ್ತಾನೆ. ಡಬ್ಬಿ ಮಾತ್ರ ಸ್ಟೀಲ್ ಇರಲಿ, ತುಕ್ಕು ಮೊದಲು ತಿನ್ನುವುದು ಅದನ್ನೇ.

ಯಾಕೆ ಅಂತ ತಿಳಿದುಕೊಳ್ಳಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಗೆ ಹೋಗುತ್ತೆ. ದೂರ ಓಡಿಸಿದರೆ ಪೈಪು ಕಾದು ಎಲ್ಲಾ ಆವಿ ಹೊರಬೀಳುತ್ತೆ. ಗಂಜಿನಿಂದ ಮಿಲ್ಲಿಗೆ, ಮಿಲ್ಲಿನಿಂದ ಗಂಜಿಗೆ ಅಂತ ಸಣ್ಣ ಸಣ್ಣ ದೂರ ಓಡಿಸಿದರೆ ಡಬ್ಬಿ ಕಾಯುವುದೇ ಇಲ್ಲ, ನೀರು ತಳದಲ್ಲಿ ನಿಲ್ಲುತ್ತೆ. ಹೊಗೆಯಲ್ಲಿರುವ ಗಂಧಕ ಸೇರಿ ಅದು ಹುಳಿ ನೀರಾಗುತ್ತೆ. ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿದೆ, ಮೊದಲು 50 ಇತ್ತು, ಆದರೂ ನೀರು ನೀರೇ. ಡಬ್ಬಿಯ ಅತಿ ತಗ್ಗಿನ ಜಾಗದಲ್ಲಿ 3 ಎಂಎಂ ತೂತು ಒಂದು ಬಿಡಿಸಿ. ಅದನ್ನು ನೋಡಿ ಲೀಕ್ ಅಂತ ಯಾರಾದರೂ ಮುಚ್ಚಲು ಬಂದರೆ ಬಿಡಬೇಡಿ.

ಹೊರಗಿನಿಂದ ತಿನ್ನುವುದು ನಮ್ಮ ಎರೆಮಣ್ಣು. ಮಳೆಗಾಲದಲ್ಲಿ ಡಬ್ಬಿಯ ಮೇಲೆ, ಹ್ಯಾಂಗರ್ ಸಂದಿಯಲ್ಲಿ ಹೋಗಿ ಕೂತರೆ ವಾರಗಟ್ಟಲೆ ಹಸಿ ಇರುತ್ತೆ. ಗಾಡಿ ತೊಳೆಯುವಾಗ ಮೈ ತೊಳೆದು ಬಿಡಬೇಡಿ, ಪೈಪು ತಣ್ಣಗಾದ ಮೇಲೆ ತಳಕ್ಕೂ ನೀರು ಹೊಡೆಸಿ.

ಇನ್ನೊಂದು, ಇದು ಗಂಭೀರ. ಕಣಕಿ ಹೇರುತ್ತೀರಿ ಅಂದಿರಿ. ಅಂಚಿನಿಂದ ಜೋತು ಬಿದ್ದ ಒಣ ಕಣಕಿ ಪೈಪಿನ ಬಾಯಿಗೆ ತಾಗಿದರೆ ಗಾಡಿ ಸಹಿತ ಹೋಗುತ್ತೆ. ಪಕ್ಕಕ್ಕೆ ಬಾಯಿ ಬಿಟ್ಟರೆ ಈ ಅಪಾಯ ಜಾಸ್ತಿ. ಡಬ್ಬಿಗೂ ಡಾಲಾದ (ಲೋಡ್ ಹೇರುವ ತೊಟ್ಟಿಯ) ತಳಕ್ಕೂ ನಡುವೆ ಒಂದು ತಗಡಿನ ಮರೆ ಹಾಕಿಸಿ, ತಗಡಿಗೂ ಡಬ್ಬಿಗೂ ಒಂದು ಇಂಚು ಗಾಳಿ ಆಡಲಿ. ಗೊಬ್ಬರದ ಚೀಲ, ಹತ್ತಿ ಹೇರುವವರಿಗೂ ಇದೇ ಮಾತು.


ಬೀದರ್ ಟರ್ಬೊ 38

ಕಾಕಾ, ಅಣ್ಣಾ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೂ ಡಬ್ಬಿ ತೆಗೆದರೆ ಏನೂ ಲಾಭ ಇಲ್ಲ ಅನ್ನುವುದು ನನಗೆ ಒಪ್ಪಿಗೆ ಆಗ್ತಾ ಇಲ್ಲ. ಟರ್ಬೊ ಗಾಡಿಯಲ್ಲಿ ಟರ್ಬೈನೇ ಅರ್ಧ ಶಬ್ದ ನುಂಗುತ್ತೆ. ಡಬ್ಬಿ ಇಲ್ಲದಿದ್ದರೂ ಕಿವಿ ಹರಿಯುವ ಶಬ್ದ ಬರಲ್ಲ. ಟರ್ಬೊ ಬೇಗ ತಿರುಗುತ್ತೆ, ಲೋಡ್ ಇದ್ದಾಗ ಏರಿನಲ್ಲಿ ಗೇರ್ ಇಳಿಸುವುದು ತಪ್ಪುತ್ತೆ. ಕನಿಷ್ಠ ಒಳಗೆ ನೇರ ಪೈಪು ಇರುವ, ಸುತ್ತ ಉಣ್ಣೆ (ಗ್ಲಾಸ್ ವುಲ್) ತುಂಬಿದ ಡಬ್ಬಿ ಹಾಕಬಹುದಲ್ವಾ? ಶಬ್ದವೂ ಗಂಭೀರವಾಗಿ ಬರುತ್ತೆ, ದಾರಿಯೂ ಸಲೀಸು.


ಕಪನೂರ ವೆಲ್ಡಿಂಗ್, ಕಲಬುರಗಿ

ತಮ್ಮಾ, ಟರ್ಬೊ ಶಬ್ದ ತಗ್ಗಿಸುತ್ತೆ ಅನ್ನುವುದು ಸರಿ. ಬೇಗ ತಿರುಗುತ್ತೆ ಅನ್ನುವುದೂ ಸ್ವಲ್ಪ ಸರಿ. ಆದರೆ ಈ ಇಂಜಿನ್‌ನಲ್ಲಿ ಎಷ್ಟು ಡೀಸೆಲ್ ಸುರಿಯಬೇಕು ಅಂತ ತೀರ್ಮಾನ ಮಾಡುವುದು ಇಸಿಎಂ. ಹಿಂದಿನ ಪೈಪು ದೊಡ್ಡದು ಮಾಡಿದ ಮಾತ್ರಕ್ಕೆ ಅದು ಜಾಸ್ತಿ ಡೀಸೆಲ್ ಕೊಡಲ್ಲ, ಹಾಗಾಗಿ ಶಕ್ತಿ ಹೆಚ್ಚುವುದು ಕೈಗೆ ಸಿಗುವಷ್ಟು ಇರಲ್ಲ. ಶಬ್ದ ಜಾಸ್ತಿ ಆದಾಗ ಗಾಡಿ ಜೋರು ಆಗಿದೆ ಅಂತ ಕಿವಿಗೆ ಅನ್ನಿಸುತ್ತೆ. ಅದೇ ಏರು, ಅದೇ ಲೋಡು, ಅದೇ ಗೇರು ಹಿಡಿದು ಗಡಿಯಾರ ನೋಡಿ ಅಳೆದರೆ ವ್ಯತ್ಯಾಸ ಸಿಗುವುದು ಕಷ್ಟ.

ಉಣ್ಣೆ ಡಬ್ಬಿ ಪೆಟ್ರೋಲ್ ಗಾಡಿಗೆ ಒಳ್ಳೆಯದು. ಡೀಸೆಲ್ ಮಸಿ ಆ ಉಣ್ಣೆಯಲ್ಲಿ ಹೋಗಿ ತುಂಬಿಕೊಳ್ಳುತ್ತೆ, ಎಣ್ಣೆ ಕುಡಿದ ಮೇಲೆ ಅದರ ಕೆಲಸ ಮುಗಿಯಿತು. ಕೋಣೆ ಕೋಣೆ ಮಾಡಿರುವ, ಒಳಗೆ ತೂತಿನ ಪೈಪು ಇರುವ ಡಬ್ಬಿಯೇ ಡೀಸೆಲ್‌ಗೆ ಬಾಳಿಕೆ. ಗಾತ್ರ ಹಳೆಯದಕ್ಕಿಂತ ಚಿಕ್ಕದಾಗಬಾರದು, ಒಳಹೋಗುವ ಬಾಯಿ ಹೊರಬರುವ ಬಾಯಿ ಎರಡೂ ನಿಮ್ಮ ಪೈಪಿನ ಸೈಜಿಗೇ ಇರಲಿ. ಪೈಪು ಎರಡೂವರೆ ಹಾಕಿ ಡಬ್ಬಿಯ ಬಾಯಿ 2 ಇಂಚು ಇದ್ದರೆ ಖರ್ಚು ಮಾಡಿದ್ದೆಲ್ಲಾ ದಂಡ.

ದಿನವೆಲ್ಲಾ ಓಡಿಸುವ ಚಾಲಕನ ಕಿವಿಯ ಬಗ್ಗೆಯೂ ಯೋಚಿಸಿ. ಊರೊಳಗೆ ಮಕ್ಕಳು, ವಯಸ್ಸಾದವರು ಇರುತ್ತಾರೆ.


ಸೇಡಂ ರೋಡ್

ಕಾನೂನಿನ ಮಾತು ನಾನು ಹೇಳುತ್ತೇನೆ, ಗಾಡಿ ಕಾಗದದ ಕೆಲಸ ನೋಡಿಕೊಳ್ಳುವವನು.

ತುಕ್ಕು ಹಿಡಿದ ಪೈಪು, ಡಬ್ಬಿ ಬದಲಿಸಿ ಅದೇ ದಾರಿಯಲ್ಲಿ, ಅದೇ ಕೆಲಸ ಮಾಡುವ ಹಾಗೆ ಹೊಸದು ಹಾಕಿಸಿಕೊಳ್ಳುವುದು ರಿಪೇರಿ. ಕ್ಯಾಟ್ ಕಿತ್ತು, ಡಬ್ಬಿ ಕಿತ್ತು ಓಡಿಸುವುದು ಬೇರೆ ವಿಷಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಗಾಡಿಗೆ ಸೈಲೆನ್ಸರ್ ಇರಲೇಬೇಕು. ಹೊಗೆಯ ಬಾಯಿ ಕೆಳಮುಖ ಇರಬಾರದು, ಎಡಕ್ಕೂ ಇರಬಾರದು. ನಮ್ಮಲ್ಲಿ ಜನ ನಡೆಯುವುದು, ಬಸ್ಸಿಗೆ ಕಾಯುವುದು ಎಡಗಡೆ ತಾನೇ. ಹಾಗಾಗಿ ನಿಮ್ಮ ಮಿಸ್ತ್ರಿ ಹೇಳಿದ ಎಡಗಡೆ ಬಾಯಿ ಅಲ್ಲೇ ಬಿದ್ದು ಹೋಯಿತು. ಬಲಕ್ಕೆ ಬಿಟ್ಟರೆ ಹೊಗೆ ಚಾಲಕನ ಕಿಟಕಿಗೇ ಬರುತ್ತೆ. ಹಿಂದಕ್ಕೆ ಬಿಡುವುದೇ ಸರಿ.

2019ರ ತಿದ್ದುಪಡಿ ಆದಮೇಲೆ ದಂಡವೂ ಸಣ್ಣದಲ್ಲ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸ್ ಅಮಾನತು. ಕಾನೂನು ಒಪ್ಪದ ಬದಲಾವಣೆಗೆ ಮಾಲೀಕನ ಮೇಲೆ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಂತ ಇದೆ. ಬಾಡಿಗೆ ಓಡಿಸುವವರಿಗೆ ಲೈಸೆನ್ಸ್ ಮೂರು ತಿಂಗಳು ಹೋದರೆ ಮನೆ ನಡೆಯುವುದು ಹೇಗೆ?

ಫಿಟ್ನೆಸ್ ಕೇಳಿದಿರಿ. ಗಾಡಿಗೆ 8 ವರ್ಷ ಆಗುವ ತನಕ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನಿಮ್ಮದು 2018 ಅಂದರೆ 2026ರಿಂದ ವರ್ಷಾ ವರ್ಷಾ ಹೋಗಬೇಕು. ಪಿಯುಸಿ ಹೊಗೆ ತಪಾಸಣೆಯಲ್ಲಿ ಬಿಎಸ್ 4 ಡೀಸೆಲ್‌ಗೆ ಹೊಗೆಯ ಮಿತಿ 1.62, ಅದಕ್ಕಿಂತ ಹಳೆಯ ಗಾಡಿಗಳಿಗೆ 2.45. ಡೀಸೆಲ್ ಗಾಡಿಗೆ ನೋಡುವುದು ಹೊಗೆ ಎಷ್ಟು ಕಪ್ಪು ಅನ್ನುವುದನ್ನು ಮಾತ್ರ, ಆದ್ದರಿಂದ ಕ್ಯಾಟ್ ಇಲ್ಲದಿದ್ದರೂ ಪಾಸ್ ಆಗುತ್ತೆ ಅಂತ ಕೆಲವರು ಹೇಳಿಕೊಡುತ್ತಾರೆ. ಕ್ಯಾಟ್ ಇರುವುದು ಕಾರ್ಬನ್ ಮೊನಾಕ್ಸೈಡ್, ಅರೆಬೆಂದ ಇಂಧನ ಇವನ್ನು ಸುಡೋಕೆ. ಕಣ್ಣಿಗೆ ಕಾಣದ ವಿಷ ಅದು. ಗಾಡಿಯ ಹಿಂದೆ ಡಾಲಾದಲ್ಲಿ ಹಮಾಲರು ಕೂತು ಬರುತ್ತಾರೆ, ಕೂರಿಸಬಾರದು ಅಂತ ಇದ್ದರೂ ಕೂರುತ್ತಾರೆ. ಅವರು ಕುಡಿಯುವುದು ಅದೇ ಹೊಗೆ.

ಇನ್ನೊಂದು ಮಾತು. ಕ್ಯಾಟ್‌ನ ಒಳಗೆ ಪ್ಲಾಟಿನಂ ಇರುತ್ತೆ, ಗುಜರಿಯಲ್ಲಿ ಅದಕ್ಕೆ ಬೆಲೆ ಇದೆ. ಯಾರಾದರೂ ಪುಕ್ಕಟೆ ಕಿತ್ತು ಕೊಡುತ್ತೇನೆ ಅಂದರೆ ಎಚ್ಚರ.


ಫರ್ಸಿ ಪಿಕಪ್ 32, ಶಹಾಬಾದ

ಎಲ್ಲರಿಗೂ ಉಪಕಾರ ಆಯಿತು. ಇವತ್ತು ಖಣಿಯ ಹತ್ತಿರ ಲೋಡ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಕೈ ಇಟ್ಟು ನೋಡಿದೆ. ಖಾಲಿ ಇದ್ದಾಗ ಪೈಪಿಗೂ ಆಕ್ಸಲ್‌ಗೂ ನಡುವೆ ಅಂಗೈ ಹೋಗುತ್ತೆ, ಕಲ್ಲು ಹೇರಿದ ಮೇಲೆ ಎರಡು ಬೆರಳು ಮಾತ್ರ. ಟಣ್ ಅನ್ನದೆ ಏನು ಮಾಡೀತು.

ಕ್ಯಾಟ್ ಮುಟ್ಟಲ್ಲ, ಹಿಂದಕ್ಕೇ ಬಿಡುತ್ತೇನೆ. ಎರಡೂವರೆ ಇಂಚು ಡಬ್ಬಿವರೆಗೆ, ಡಬ್ಬಿ ಸ್ಟೀಲ್‌ದೇ. ಪೈಪು ಸ್ಟೀಲಾ ಎಂಎಸ್ಸಾ ಅಂತ ಇನ್ನೂ ಯೋಚನೆ ಇದೆ. ನಾನು ಓಡುವುದು ಹೆಚ್ಚಾಗಿ ಡಾಂಬರು ರಸ್ತೆ, ಆದ್ದರಿಂದ 409 ಹುಡುಕುತ್ತೇನೆ, ಕಾಕಾ ಬೇಸರ ಮಾಡಿಕೊಳ್ಳಬಾರದು.

ಎರಡು ಅನುಮಾನ ಉಳಿದಿವೆ. ಆಕ್ಸಲ್ ಮೇಲೆ ಇಷ್ಟು ಕಷ್ಟ ಇದ್ದರೆ ಆಕ್ಸಲ್ ಕೆಳಗಿನಿಂದ ನೇರ ಹಾಯಿಸಬಹುದಾ? ಆಮೇಲೆ ಲೋಡ್ ಇದ್ದಾಗ ಕರಿ ಹೊಗೆ ಬರುತ್ತೆ, ಅದು ಹೊಸ ಪೈಪಿನಿಂದ ಹೋಗುತ್ತಾ?


ಡೀಸೆಲ್ ಕಾಕಾ, ಯಾದಗಿರಿ

ಬೇಸರ ಏನಿಲ್ಲಪ್ಪಾ, ಡಾಂಬರಿನ ಮೇಲೆ ಓಡುವವನಿಗೆ 409 ಸರಿಯೇ.

ಕರಿ ಹೊಗೆ ಅಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ ಅಂತ ಅರ್ಥ. ಮೊದಲು ಏರ್ ಫಿಲ್ಟರ್ ತೆಗೆದು ನೋಡು. ಕಲ್ಲಿನ ಪುಡಿ, ತೊಗರಿ ಹೊಟ್ಟಿನ ಧೂಳಿನಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಕಾಯಬಾರದು. ಆಮೇಲೆ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸು ಸೀಳಿದೆಯಾ, ಕ್ಲಾಂಪ್ ಸಡಿಲ ಇದೆಯಾ, ಇಜಿಆರ್ (ಸ್ವಲ್ಪ ಹೊಗೆಯನ್ನು ಇಂಜಿನ್‌ಗೆ ವಾಪಸ್ ಬಿಡುವ ವಾಲ್ವ್) ಮಸಿ ಕಟ್ಟಿದೆಯಾ. ಇವೆಲ್ಲಾ ಸರಿ ಇದ್ದರೆ ಇಂಜೆಕ್ಟರ್. ಟರ್ಬೊಗಿಂತ ಮುಂಚೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಇದ್ದರೂ ಟರ್ಬೊ ಸರಿಯಾಗಿ ತಿರುಗಲ್ಲ, ಅಲ್ಲಿ ಮಸಿಯ ಗೆರೆ ಕಾಣಿಸುತ್ತೆ. ಈ ಹೊಗೆ ನಿಲ್ಲಿಸದೆ ಹೊಸ ಡಬ್ಬಿ ಹಾಕಿದರೆ ಅದೂ ಮಸಿ ತುಂಬಿಕೊಳ್ಳುತ್ತೆ, ಕ್ಯಾಟ್ ಕೂಡ ಕಟ್ಟಿಕೊಳ್ಳುತ್ತೆ. ಪೈಪಿಗೆ ದುಡ್ಡು ಹಾಕುವ ಮುಂಚೆ ಇದು ಮುಗಿಸಿಕೋ.


ಕಪನೂರ ವೆಲ್ಡಿಂಗ್, ಕಲಬುರಗಿ

ಆಕ್ಸಲ್ ಕೆಳಗಿನಿಂದ ಬೇಡ ಅಣ್ಣಾ. ಖಣಿಯ ದಾರಿಯಲ್ಲಿ ಒಂದು ಕಲ್ಲು ಎದ್ದರೆ ಪೈಪು ಮಡಚಿ ಹೋಗುತ್ತೆ. ಮೇಲಿನಿಂದಲೇ ಹಾಯಿಸಿ, ಆದರೆ ಆಕ್ಸಲ್‌ನ ನಡುವಿನ ಗುಂಡಿನ (ಡಿಫರೆನ್ಶಿಯಲ್) ಮೇಲೆ ಬೇಡ, ಚಾಸಿಯ ಹತ್ತಿರಕ್ಕೆ ಸರಿಸಿ. ನಡುವಿನ ಗುಂಡಿಗಿಂತ ಅಲ್ಲಿ ಆಕ್ಸಲ್ ತೆಳ್ಳಗೆ ಇರುತ್ತೆ, ಜಾಗ ಜಾಸ್ತಿ ಸಿಗುತ್ತೆ. ಪಾಟಾಕ್ಕೆ, ಶಾಕ್ ಅಬ್ಸಾರ್ಬರ್‌ಗೆ ತಾಗದ ಹಾಗೆ ನೋಡಿಕೊಳ್ಳಿ. ಎರಡೂವರೆ ಇಂಚು ಅಲ್ಲಿ ಸಾಲದಿದ್ದರೆ ಡಬ್ಬಿಯಿಂದ ಹಿಂದಕ್ಕೆ ಎರಡೂಕಾಲು ಮಾಡಿ, ಅಷ್ಟರಲ್ಲಿ ಹೊಗೆ ತಣ್ಣಗಾಗಿ ಕುಗ್ಗಿರುತ್ತೆ, ನಷ್ಟ ಇಲ್ಲ.

ಬಾಗು ತಿರುಗಿಸುವ ವಿಷಯ ಒಂದು ಹೇಳಿಬಿಡುತ್ತೇನೆ, ಆಕ್ಸಲ್ ಮೇಲಿನ ಆ ಬಾಗೇ ಎಲ್ಲಕ್ಕಿಂತ ಕಷ್ಟದ್ದು. ಸಾದಾ ಮಷೀನ್‌ನಲ್ಲಿ ಬಗ್ಗಿಸಿದರೆ ಒಳಮೈ ಸುಕ್ಕಾಗಿ ಪೈಪು ಚಪ್ಪಟೆ ಆಗುತ್ತೆ, ಎರಡೂವರೆ ಇಂಚಿನ ಪೈಪು ಅಲ್ಲಿ 2 ಇಂಚಿನ ಕೆಲಸ ಮಾಡುತ್ತೆ. ರೆಡಿ ಬೆಂಡ್ ತರಿಸಿ, 45 ಡಿಗ್ರಿದು, 90 ಡಿಗ್ರಿದು ತಂದು ಬೇಕಾದಷ್ಟು ಕತ್ತರಿಸಿ ಕೂಡಿಸುವುದು ಒಳ್ಳೆಯದು. ಹೈದರಾಬಾದ್, ಸೋಲಾಪುರ ಕಡೆ ಹೋಗುವ ಲಾರಿಯವರ ಕೈಯಲ್ಲಿ ಹೇಳಿ ಕಳಿಸಿದರೆ ಬರುತ್ತೆ. ಕೆಲವರು ಪೈಪಿನಲ್ಲಿ ಮರಳು ತುಂಬಿ ಕಾಯಿಸಿ ಬಗ್ಗಿಸುತ್ತಾರೆ, ಎಂಎಸ್ ಪೈಪಿಗೆ ಆ ಪದ್ಧತಿ ಚೆನ್ನಾಗಿಯೇ ಬರುತ್ತೆ. ಆದರೆ ಮರಳು ಹುರಿದು ಪೂರ್ತಿ ಒಣಗಿರಬೇಕು. ಒಳಗೆ ಹಸಿ ಉಳಿದು ಎರಡೂ ಬಾಯಿ ಮುಚ್ಚಿ ಕಾಯಿಸಿದರೆ ಹಬೆ ಕಟ್ಟಿಕೊಂಡು ಬಿರಡೆ ಗುಂಡಿನ ಹಾಗೆ ಹಾರುತ್ತೆ. ಹಾಗೆ ಮಾಡುವ ಅಂಗಡಿಯಾದರೆ ಮರಳನ್ನು ನಿಮ್ಮ ಎದುರಿಗೇ ಹುರಿಸಿ, ಕಾಯಿಸುವಾಗ ಪೈಪಿನ ಬಾಯಿಯ ನೇರಕ್ಕೆ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳಿ.